ಮೇಲ್‌ನಲ್ಲಿ ಅವನನ್ನು ಏನೆಂದು ಬರೆಯಲಿ?

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಹಾಸನ ಜಿಲ್ಲೆಯ ಹಳ್ಳಿಯವಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಕೆಲಸ. ನಾನೂ ನನ್ನ ಹುಡುಗನೂ ಐದು ವರ್ಷದಿಂದ ಪ್ರೀತಿಸುತ್ತಿದ್ದೇವೆ. ಒಂದೂವರೆ ವರ್ಷದಿಂದ ವಿಜಯನಗರದಲ್ಲಿ ಒಂದೇ ಮನೆಯಲ್ಲಿದ್ದೇವೆ. ಹೋದ ತಿಂಗಳು ಅವನಿಗೆ ಡೆಂಗಿ ಬಂದು ಆಸ್ಪತ್ರೆಗೆ ಸೇರಿಸಿದೆವು. ಮ್ಯಾನೇಜರ್‌ಗೆ ರಜೆ ಕೇಳಿ ‘ಮೈ ಲವರ್ ಈಸ್ ಅಡ್ಮಿಟೆಡ್ ಇನ್ ಹಾಸ್ಪಿಟಲ್, ವಿ ಆರ್ ಲವಿಂಗ್ ಸಿನ್ಸ್ ಫೈವ್ ಇಯರ್ಸ್’ ಎಂದು ಮೇಲ್ ಹಾಕಿದೆ. ರಜೆ ಸಿಕ್ಕಿತು. ಆದರೆ ವಾಪಸ್ ಹೋದಾಗ ಟೀಮಿನವರ ಮುಖದಲ್ಲಿ ಒಂಥರಾ ನಗು. ಏನು ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಈಗ ಅವನಿಗೆ ಕೆನಡಾದಲ್ಲಿ ಕೆಲಸ ಆಗುವ ಹಾಗಿದೆ, ಫಾರ್ಮ್ ತುಂಬಬೇಕು. ಬಾಯ್‌ಫ್ರೆಂಡ್ ಎಂದರೆ ಕಾಲೇಜು ಹುಡುಗಿಯ ಮಾತಿನ ಹಾಗಿದೆ, ಹಸ್ಬೆಂಡ್ ಎಂದರೆ ಸುಳ್ಳು. ಅವನನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯಲಿ?
ಓದುಗರು, ವಿಜಯನಗರ

ಉತ್ತರ: ನಿಮ್ಮ ಹುಡುಗ ಹುಷಾರಾಗಿ ಮನೆಗೆ ಬಂದಿದ್ದಾರೆ ಎಂದುಕೊಳ್ಳುತ್ತೇನೆ. ಡೆಂಗಿ ಬಿಟ್ಟ ಮೇಲೂ ವಾರಗಟ್ಟಲೆ ಸುಸ್ತು ಇರುತ್ತದೆ, ನೋಡಿಕೊಳ್ಳಿ.

ಆ ನಗುವಿನ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ. ಯಾರೂ ಹೇಳದೆ ಬಿಟ್ಟದ್ದೇ ನಿಮ್ಮನ್ನು ಹೆಚ್ಚು ಕಾಡಿದೆ ಎಂದು ಪತ್ರ ಓದಿದರೆ ಗೊತ್ತಾಗುತ್ತದೆ. ನಮ್ಮ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ‘ಪ್ರಿಯಕರ’ ಎಂಬ ಪದ ಬರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ‘ಪ್ರಿಯಕರನ ಜೊತೆ ಸೇರಿ’ ಎಂದು ತಲೆಬರಹ ಶುರುವಾದರೆ ಮುಂದೆ ಏನಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಪ್ರಿಯವಾದದ್ದನ್ನು ಮಾಡುವವನು ಎಂಬ ಸುಂದರ ಅರ್ಥದ ಪದ ಅದು, ಆದರೆ ಬಳಕೆಯಲ್ಲಿ ಅದಕ್ಕೆ ಗುಟ್ಟಿನ, ಮದುವೆಯಾಚೆಗಿನ ಸಂಬಂಧದ ವಾಸನೆ ಅಂಟಿಕೊಂಡಿದೆ. ನಿಮ್ಮ ಅಕ್ಕ ‘ಇವರು ನನ್ನ ತಂಗಿಯ ಪ್ರಿಯಕರ’ ಎಂದು ಯಾರಿಗಾದರೂ ಪರಿಚಯ ಮಾಡಿಕೊಟ್ಟರೆ ನಿಮಗೆ ಹೇಗಾಗುತ್ತದೆ? ಇವತ್ತಿನ ಇಂಗ್ಲಿಷಿನಲ್ಲಿ ‘ಲವರ್’ ಎಂಬ ಪದ ಕೇಳಿಸುವುದು ಹೆಚ್ಚುಕಡಿಮೆ ಹಾಗೆಯೇ. ಶೇಕ್ಸ್‌ಪಿಯರ್ ಕಾಲದಲ್ಲಿ ಅದಕ್ಕೆ ಆಪ್ತ ಸ್ನೇಹಿತ ಎಂಬ ಅರ್ಥವೂ ಇತ್ತು. ಆಮೇಲೆ ಬಹಳ ಕಾಲ ಪ್ರೀತಿಸಿ ಹಿಂದೆ ಬಂದವನು ಎಂಬ ಮರ್ಯಾದೆಯ ಅರ್ಥವಿತ್ತು. ಕಳೆದ ನೂರು ವರ್ಷಗಳಲ್ಲಿ ಆ ಹಳೆಯ ಅರ್ಥಗಳು ಹಿಂದೆ ಸರಿದು, ಮೈಯ ಸಂಬಂಧ ಇರುವವನು ಎಂಬುದೇ ಮುಂದೆ ನಿಂತಿದೆ. ನೀವು ಬರೆದದ್ದು ‘ನಾನು ಪ್ರೀತಿಸುವ ಹುಡುಗ ಆಸ್ಪತ್ರೆಯಲ್ಲಿದ್ದಾನೆ’ ಎಂದು. ಅವರು ಓದಿದ್ದು ಬೇರೆ. ತಪ್ಪು ನಿಮ್ಮ ಮನಸ್ಸಿನದಲ್ಲ, ಪದ ದಾಟಿ ಹೋದ ಗಡಿಯದು.

ಈ ಗಡಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಬೇರು ಇರುವುದು ಇಲ್ಲೇ. ನಾನು ಇಪ್ಪತ್ತೆರಡು ವರ್ಷಗಳಿಂದ ರಾಜಾಜಿನಗರದಲ್ಲಿ, ಕನ್ನಡ ಮೀಡಿಯಂನಲ್ಲಿ ಓದಿ ಕೆಲಸಕ್ಕೆ ಸೇರಿದವರಿಗೆ ಬರವಣಿಗೆಯ ಇಂಗ್ಲಿಷ್ ಕಲಿಸುತ್ತಿದ್ದೇನೆ. ಅವರು ಎಡವುವುದು ಗೊತ್ತಿಲ್ಲದ ಇಂಗ್ಲಿಷ್ ಪದಗಳಲ್ಲಿ ಅಲ್ಲ. ಗೊತ್ತಿಲ್ಲದಿದ್ದರೆ ಡಿಕ್ಷನರಿ ನೋಡುತ್ತಾರೆ. ಎಡವುವುದು ಚೆನ್ನಾಗಿ ಗೊತ್ತಿದೆ ಎಂದುಕೊಂಡ ಪದಗಳಲ್ಲಿ. ಲವರ್, ಪ್ರಪೋಸ್, ಕಮಿಟ್, ವುಡ್‌ಬಿ, ಲವ್ ಮಾಡು ಇವೆಲ್ಲ ಕನ್ನಡಕ್ಕೆ ಬಂದು ಸಂಸಾರ ಹೂಡಿದ ಪದಗಳು. ಬಸ್ಸು, ಲೈಟು, ಪೆನ್ನು ಹೇಗೋ ಹಾಗೆ ಈಗ ಇವು ಕನ್ನಡದವೇ. ಇಲ್ಲಿ ಅವಕ್ಕೆ ನಮ್ಮದೇ ಅರ್ಥ ಇದೆ, ಆ ಅರ್ಥ ನಮಗೆ ಸರಿ. ಆದರೆ ಅವನ್ನು ಹಾಗೇ ಇಂಗ್ಲಿಷ್ ಮೇಲ್‌ಗೆ ವಾಪಸ್ ಕಳಿಸಿದರೆ ಅಲ್ಲಿನವರಿಗೆ ಗುರುತು ಸಿಗುವುದಿಲ್ಲ.

‘ಪ್ರಪೋಸ್’ ನೋಡಿ. ನಮ್ಮ ಕಾಲೇಜುಗಳಲ್ಲಿ ‘ಅವನು ಪ್ರಪೋಸ್ ಮಾಡಿದ’ ಎಂದರೆ ಇಷ್ಟ ಇದೆ ಎಂದು ಬಾಯಿಬಿಟ್ಟು ಹೇಳಿದ ಎಂದರ್ಥ. ಇಂಗ್ಲಿಷಿನಲ್ಲಿ ಅದು ಮದುವೆಯಾಗುತ್ತೀಯಾ ಎಂದು ಕೇಳುವುದು, ಅಷ್ಟೇ. ಹಾಗಾಗಿ ‘ಹಿ ಪ್ರಪೋಸ್ಡ್ ಮಿ ಇನ್ ಸೆಕೆಂಡ್ ಪಿಯುಸಿ’ ಎಂದು ಬರೆದರೆ, ಪಿಯುಸಿಯಲ್ಲೇ ಮದುವೆಯ ಮಾತಾಗಿತ್ತು ಎಂದು ಓದುತ್ತಾರೆ. ನೀವು ಹೇಳಬೇಕಾದದ್ದು ‘ಹಿ ಟೋಲ್ಡ್ ಮಿ ಹಿ ಲೈಕ್ಡ್ ಮಿ’. ಮದುವೆಯ ಮಾತೇ ಆಗಿದ್ದರೆ ‘ಪ್ರಪೋಸ್ಡ್ ಟು ಮಿ’, ಆ ‘ಟು’ ಬಿಡಬಾರದು. ‘ಎಂಗೇಜ್ಡ್’, ‘ಮ್ಯಾರೀಡ್’ ಇವಕ್ಕೂ ‘ಟು’ ಬೇಕು. ನಾವು ‘ಅವನ ಜೊತೆ ಮದುವೆಯಾದೆ’ ಎನ್ನುತ್ತೇವೆ, ಆ ‘ಜೊತೆ’ಯೇ ‘ವಿತ್’ ಆಗಿ ನುಸುಳುತ್ತದೆ.

‘ವುಡ್‌ಬಿ’ ಕತೆ ಇನ್ನೂ ಬೇರೆ. ನಿಶ್ಚಿತಾರ್ಥ ಆದವರೆಲ್ಲ ಬೆಂಗಳೂರಿನಲ್ಲಿ ‘ಮೈ ವುಡ್‌ಬಿ’ ಎನ್ನುತ್ತಾರೆ, ಆಫೀಸಿನಲ್ಲಿ ಸ್ವೀಟ್ ಹಂಚುವಾಗಲೂ ಅದೇ ಮಾತು. ಭಾರತದ ಹೊರಗೆ ಆ ಪದ ಒಂಟಿಯಾಗಿ ನಿಲ್ಲುವುದಿಲ್ಲ, ಮುಂದೆ ಇನ್ನೊಂದು ಪದ ಬೇಕು. ಸಾಮಾನ್ಯವಾಗಿ ಅದು ಹೇಳುವುದು, ಆಗಬೇಕೆಂದು ಆಸೆಪಟ್ಟು ಇನ್ನೂ ಆಗದವನ ಕುರಿತು. ನಟನಾಗಲು ಹೊರಟು ಆಗದೆ ಉಳಿದವನು ವುಡ್‌ಬಿ ಆ್ಯಕ್ಟರ್. ನಾಳೆ ಮದುವೆಯಾಗಲಿರುವ ಹುಡುಗನಿಗೆ ಆ ಪದ ಅಂಟಿಸಬೇಡಿ. ‘ಫಿಯಾನ್ಸೆ’ ಎನ್ನಿ. ಫ್ರೆಂಚಿನಿಂದ ಬಂದ ಪದ, ಹೇಳುವಾಗ ಗಂಡಿಗೂ ಹೆಣ್ಣಿಗೂ ಒಂದೇ. ಬರೆಯುವಾಗ ಕೊನೆಯಲ್ಲಿ ಒಂದು ‘ಇ’ ಇದ್ದರೆ ಹುಡುಗ, ಎರಡು ‘ಇ’ ಇದ್ದರೆ ಹುಡುಗಿ. ಆ ‘ಇ’ ತಲೆಯ ಮೇಲಿನ ಓರೆಗೆರೆ ಹಾಕಿದರೆ ಒಳ್ಳೆಯದು, ಹಾಕದಿದ್ದರೂ ನಡೆಯುತ್ತದೆ. ಎರಡನೆಯ ‘ಇ’ ಮಾತ್ರ ಮರೆಯಬೇಡಿ.

‘ಲವ್ ಮಾಡ್ತಿದೀವಿ’ ಎಂಬುದನ್ನು ಪದಕ್ಕೆ ಪದ ಇಟ್ಟು ‘ಮೇಕಿಂಗ್ ಲವ್’ ಎಂದು ಬರೆದವರನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಅದು ಹಾಸಿಗೆಯ ಮಾತು. ನೂರು ವರ್ಷ ಹಿಂದಿನ ಇಂಗ್ಲಿಷಿನಲ್ಲಿ ಅದಕ್ಕೆ ಮಾತಿನಿಂದ ಒಲಿಸಿಕೊಳ್ಳುವುದು ಎಂಬ ಸಭ್ಯ ಅರ್ಥವಿತ್ತು, ಈಗಿಲ್ಲ. ‘ರಿಲೇಶನ್’ ಕೂಡ ಹಾಗೆಯೇ ಜಾರುವ ಪದ. ನಮಗೆ ‘ಅವರು ನಮ್ ರಿಲೇಶನ್’ ಎಂದರೆ ನೆಂಟರು, ಇಂಗ್ಲಿಷಿನಲ್ಲೂ ಒಂಟಿಯಾಗಿ ಅದು ನೆಂಟರೇ. ಬಹುವಚನದಲ್ಲಿ ‘ಹ್ಯಾವಿಂಗ್ ರಿಲೇಶನ್ಸ್’ ಎಂದರೆ ಮತ್ತೆ ಮೈಯ ಸಂಬಂಧ. ನಿಮಗೆ ಬೇಕಾದದ್ದು ‘ಇನ್ ಎ ರಿಲೇಶನ್‌ಶಿಪ್’, ಆ ಬಾಲ ಇರಲೇಬೇಕು.

ನಿಮ್ಮ ಮೇಲ್‌ನ ಎರಡನೆಯ ಅರ್ಧ, ‘ವಿ ಆರ್ ಲವಿಂಗ್ ಸಿನ್ಸ್ ಫೈವ್ ಇಯರ್ಸ್’, ನನಗೆ ಬಹಳ ಪರಿಚಿತ. ಅದರ ಒಳಗೆ ಅಚ್ಚುಕಟ್ಟಾದ ಕನ್ನಡ ವಾಕ್ಯ ಕೂತಿದೆ: ಐದು ವರ್ಷದಿಂದ ಪ್ರೀತಿಸುತ್ತಿದ್ದೇವೆ. ‘ವರ್ಷದಿಂದ’ ಎಂಬಲ್ಲಿನ ‘ಇಂದ’ವೇ ‘ಸಿನ್ಸ್’ ಆಗಿದೆ, ‘ಸುತ್ತಿದ್ದೇವೆ’ ಎಂಬುದು ‘ಲವಿಂಗ್’ ಆಗಿದೆ. ಕನ್ನಡದಲ್ಲಿ ಒಂದೇ ‘ಇಂದ’ ಎರಡು ಕೆಲಸ ಮಾಡುತ್ತದೆ, 2020ರಿಂದ ಎಂದರೂ ಅದೇ, ಐದು ವರ್ಷದಿಂದ ಎಂದರೂ ಅದೇ. ಇಂಗ್ಲಿಷ್ ಇವನ್ನು ಬೇರೆ ಮಾಡುತ್ತದೆ, ಶುರುವಾದ ಗಳಿಗೆಗೆ ‘ಸಿನ್ಸ್’, ಕಳೆದ ಕಾಲದ ಅಳತೆಗೆ ‘ಫಾರ್’. ಇನ್ನು ‘ಲವ್’ ಎಂಬ ಕ್ರಿಯಾಪದವನ್ನು ಇಂಗ್ಲಿಷಿನವರು ಬರವಣಿಗೆಯಲ್ಲಿ ಸಾಮಾನ್ಯವಾಗಿ ‘ಇಂಗ್’ ಹಚ್ಚಿ ಓಡಿಸುವುದಿಲ್ಲ. ಅದು ನಡೆಯುತ್ತಿರುವ ಕೆಲಸವಲ್ಲ, ಇರುವ ಸ್ಥಿತಿ ಎಂದು ಆ ಭಾಷೆ ಎಣಿಸುತ್ತದೆ. ಅದಕ್ಕೇ ‘ಐ ಲವ್ ಹಿಮ್’. ಕಾಲ ಹೇಳಬೇಕಿದ್ದರೆ ಪ್ರೀತಿಯನ್ನು ಪಕ್ಕಕ್ಕಿಟ್ಟು ಜೊತೆಗಿರುವುದನ್ನು ಹೇಳುತ್ತಾರೆ: ‘ವಿ ಹ್ಯಾವ್ ಬೀನ್ ಟುಗೆದರ್ ಫಾರ್ ಫೈವ್ ಇಯರ್ಸ್’. ಈ ‘ಟುಗೆದರ್’ ಬಹಳ ಒಳ್ಳೆಯ ಪದ. ಗಲಾಟೆ ಮಾಡದೆ ಎಲ್ಲವನ್ನೂ ಹೇಳುತ್ತದೆ.

ಈಗ ನಿಮ್ಮ ನೇರ ಪ್ರಶ್ನೆ. ನಿಮ್ಮ ವಿಷಯದಲ್ಲಿ ಸರಿಯಾದ ಪದ ‘ಪಾರ್ಟ್‌ನರ್’. ಬಾಯ್‌ಫ್ರೆಂಡ್ ತಪ್ಪಲ್ಲ. ಸ್ನೇಹಿತರಿಗೆ ಮೆಸೇಜ್ ಮಾಡುವಾಗ, ವಾರಾಂತ್ಯದಲ್ಲಿ ಏನು ಮಾಡಿದಿರಿ ಎಂದು ಸಹೋದ್ಯೋಗಿ ಕೇಳಿದಾಗ ಅದೇ ಸಹಜ, ಅದರಲ್ಲಿ ಒಂದು ಬೆಚ್ಚಗಿನ ಸಲಿಗೆಯೂ ಇದೆ. ಆದರೆ ರಜೆ ಕೇಳುವ ಮೇಲ್ ಬೇರೆ. ಅಲ್ಲಿ ಓದುವವರಿಗೆ ಬೇಕಾದದ್ದು ನಿಮ್ಮ ಪ್ರೀತಿಯ ಸುದ್ದಿಯಲ್ಲ, ಇವರು ಆಸ್ಪತ್ರೆಯಲ್ಲಿದ್ದರೆ ನೋಡಿಕೊಳ್ಳಬೇಕಾದವರು ನೀವೇ ಏಕೆ ಎಂಬ ಕಾರಣ. ಒಂದೇ ಮನೆ, ಒಂದೇ ಅಡುಗೆ, ಕಷ್ಟಕ್ಕೆ ಒಬ್ಬರಿಗೊಬ್ಬರು ಎಂಬುದನ್ನು ಬಾಯ್‌ಫ್ರೆಂಡ್ ಹೇಳುವುದಿಲ್ಲ, ಪಾರ್ಟ್‌ನರ್ ಹೇಳುತ್ತದೆ. ಅದೇ ನೀವು ಪರಿಚಯವಾಗಿ ಎರಡು ತಿಂಗಳಾದವರಾಗಿದ್ದರೆ ನಾನು ಪಾರ್ಟ್‌ನರ್ ಬೇಡ ಎನ್ನುತ್ತಿದ್ದೆ, ಆ ಪದದ ತೂಕ ಹೊರುವಷ್ಟು ಬದುಕು ಇನ್ನೂ ಸೇರಿರುವುದಿಲ್ಲ. ನಲವತ್ತು, ಐವತ್ತು ದಾಟಿ ಜೊತೆಯಾದವರಿಗೆ ಬಾಯ್‌ಫ್ರೆಂಡ್, ಗರ್ಲ್‌ಫ್ರೆಂಡ್ ಒಗ್ಗುವುದೇ ಇಲ್ಲ, ಅವರಿಗೂ ಪಾರ್ಟ್‌ನರ್ ಸರಿ.

ಹೀಗೆ ಬರೆಯಬಹುದಿತ್ತು: ‘ಮೈ ಪಾರ್ಟ್‌ನರ್, ರವಿ, ಹ್ಯಾಸ್ ಬೀನ್ ಅಡ್ಮಿಟೆಡ್ ಟು ಹಾಸ್ಪಿಟಲ್ ವಿತ್ ಡೆಂಗಿ. ಐ ನೀಡ್ ಟು ಬಿ ವಿತ್ ಹಿಮ್ ಅಂಟಿಲ್ ಥರ್ಸ್‌ಡೇ.’ ಎರಡೇ ವಾಕ್ಯ. ಪ್ರೀತಿ ಎಂಬ ಪದ ಎಲ್ಲೂ ಇಲ್ಲ, ಆದರೆ ‘ಐ ನೀಡ್ ಟು ಬಿ ವಿತ್ ಹಿಮ್’ ಎಂಬಲ್ಲಿ ಅದು ಇದೆ, ಓದಿದವರಿಗೆ ತಟ್ಟುತ್ತದೆ.

ಹೆಸರು ಹಾಕಿದ್ದನ್ನು ಗಮನಿಸಿದಿರಾ? ಇದು ನಮ್ಮವರಿಗೆ ಕಷ್ಟವಾಗುವ ಜಾಗ. ನನ್ನ ಅಜ್ಜಿ ಬದುಕಿಡೀ ಅಜ್ಜನ ಹೆಸರು ಬಾಯಲ್ಲಿ ಹೇಳಲಿಲ್ಲ. ‘ಇವರು’, ‘ನಮ್ಮನೆಯವರು’, ‘ಯಜಮಾನರು’ ಇಷ್ಟರಲ್ಲೇ ಸಂಸಾರ ನಡೆಯಿತು. ಉತ್ತರ ಕರ್ನಾಟಕದ ಮದುವೆಗಳಲ್ಲಿ ಗಂಡನ ಹೆಸರು ಹೇಳಿಸುವುದಕ್ಕೆ ಒಡಪು ಕಟ್ಟಬೇಕು, ಪ್ರಾಸದ ಮರೆಯಲ್ಲಿ ಹೆಸರು ಹೊರಗೆ ಬರಬೇಕು. ಆ ನಾಚಿಕೆಯಲ್ಲಿ ಒಂದು ಚೆಲುವಿದೆ, ನನಗೆ ಅದು ಇಷ್ಟ. ಆದರೆ ಅದೇ ಅಭ್ಯಾಸ ಇಂಗ್ಲಿಷಿಗೆ ಬಂದಾಗ ‘ಮೈ ಹಸ್ಬೆಂಡ್’ ಒಂದೇ ಪುಟದಲ್ಲಿ ಒಂಬತ್ತು ಸಲ ಬರುತ್ತದೆ, ಆ ಮನುಷ್ಯನಿಗೆ ಮುಖವೇ ಇರುವುದಿಲ್ಲ. ಇಂಗ್ಲಿಷಿನಲ್ಲಿ ಹೆಸರು ಬರೆಯುವುದೇ ಗೌರವ. ಒಂದು ಸಲ ಸಂಬಂಧ ಹೇಳಿ, ಪಕ್ಕದಲ್ಲೇ ಹೆಸರು ಹೇಳಿ. ಅಲ್ಲಿಂದ ಮುಂದೆ ಹೆಸರು ಇಲ್ಲವೇ ‘ಹಿ’ ಸಾಕು.

‘ನಮ್ಮ’ ಎಂಬುದೂ ಹೀಗೆಯೇ ಜೊತೆಗೆ ಬರುತ್ತದೆ. ನಮ್ಮಮ್ಮ, ನಮ್ಮನೆ, ನಮ್ಮೆಜಮಾನ್ರು ಎಲ್ಲ ಕನ್ನಡದಲ್ಲಿ ನಾನು ಒಬ್ಬಳೇ ಇದ್ದರೂ ‘ನಮ್ಮ’. ಹತ್ತಿರದವರನ್ನು ‘ನನ್ನ’ ಎಂದು ಒಬ್ಬಳೇ ಹಿಡಿದಿಟ್ಟುಕೊಳ್ಳುವುದು ನಮಗೆ ಒರಟಾಗಿ ಕೇಳುತ್ತದೆ. ಇಂಗ್ಲಿಷಿನ ‘ಅವರ್’ ಲೆಕ್ಕ ಇಟ್ಟು ಎಣಿಸುತ್ತದೆ. ‘ಅವರ್ ಮದರ್’ ಎಂದರೆ ಅಕ್ಕತಂಗಿಯರೆಲ್ಲ ಸೇರಿ ಹೇಳುತ್ತಿದ್ದಾರೆ ಎಂದಾಗುತ್ತದೆ. ಗಂಡನಿಗೋ ಗೆಳೆಯನಿಗೋ ಆ ಪದ ಹಾಕಿದರೆ ಅರ್ಥ ಎಲ್ಲಿಗೆ ಹೋಗುತ್ತದೆ ಎಂದು ನಾನು ವಿವರಿಸಬೇಕಿಲ್ಲ. ಅಲ್ಲಿ ‘ಮೈ’ ಬರೆಯಲು ಸಂಕೋಚ ಬೇಡ.

ಪಾರ್ಟ್‌ನರ್ ಪದಕ್ಕೆ ಒಂದು ತೊಡಕೂ ಇದೆ. ಈ ಊರಿನಲ್ಲಿ ಅದರ ಮೊದಲ ಅರ್ಥ ವ್ಯಾಪಾರದ್ದು. ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲೋ ಪೀಣ್ಯದ ವರ್ಕ್‌ಶಾಪಿನಲ್ಲೋ ‘ನಮ್ ಪಾರ್ಟ್ನರ್ರು ಬರ್ತಾರೆ, ಕೂತ್ಕೊಳಿ’ ಎಂದರೆ ಬಂಡವಾಳ ಹಾಕಿದವರು ಬರುತ್ತಾರೆ. 1932ರ ಪಾಲುದಾರಿಕೆ ಕಾಯ್ದೆ ಇಂಗ್ಲಿಷಿನಲ್ಲಿ ಆ ಪದವನ್ನೇ ಬಳಸುತ್ತದೆ. ಸ್ಟಾರ್ಟಪ್ ಕಟ್ಟುವವರ ಊರಿನಲ್ಲಿ ‘ಮೈ ಪಾರ್ಟ್‌ನರ್ ಆ್ಯಂಡ್ ಐ ಸ್ಟಾರ್ಟೆಡ್ ದಿಸ್’ ಎಂದು ಬರೆದರೆ ಯಾವ ಪಾರ್ಟ್‌ನರ್ ಎಂದು ತಿಳಿಯುವುದು ಕಷ್ಟ. ಅಂಥ ಕಡೆ ವ್ಯಾಪಾರದವರಿಗೆ ‘ಬಿಸಿನೆಸ್ ಪಾರ್ಟ್‌ನರ್’ ಅಥವಾ ‘ಕೋ-ಫೌಂಡರ್’ ಎಂದು ಬಿಡಿಸಿ ಬರೆಯಿರಿ. ಬಾಳಿನವರಿಗೆ ಬರಿ ‘ಪಾರ್ಟ್‌ನರ್’ ಬಿಡಿ. ‘ಲೈಫ್ ಪಾರ್ಟ್‌ನರ್’ ಎಂದು ನಮ್ಮವರು ಬಹಳ ಬರೆಯುತ್ತಾರೆ, ಮ್ಯಾಟ್ರಿಮೊನಿ ಜಾಹೀರಾತಿನಿಂದ ಬಂದ ರೂಢಿ ಅದು. ತಪ್ಪಲ್ಲ, ಆಫೀಸ್ ಮೇಲ್‌ಗೆ ಸ್ವಲ್ಪ ಭಾರ.

ಗಂಡು ಹೆಣ್ಣು ಎಂದು ಹೇಳದೆಯೇ ಸಂಬಂಧ ಹೇಳುವುದು ಈ ಪದದ ದೊಡ್ಡ ಗುಣ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸುವವರು ಇದನ್ನು ಮೊದಲಿನಿಂದ ಬಳಸಿದ್ದಾರೆ, ಎಷ್ಟೋ ಸಲ ತಮ್ಮ ರಕ್ಷಣೆಗಾಗಿಯೇ. ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಪರಸ್ಪರ ಒಪ್ಪಿ ಇಟ್ಟುಕೊಳ್ಳುವ ಅಂಥ ಸಂಬಂಧ ಅಪರಾಧವಲ್ಲ ಎಂದಿತು. ಆದರೆ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಅವರ ಮದುವೆಗೆ ಕಾನೂನಿನ ಮಾನ್ಯತೆ ಕೊಡಲಿಲ್ಲ. ಹಾಗಾಗಿ ಹತ್ತು ವರ್ಷ ಒಟ್ಟಿಗೆ ಬಾಳಿದರೂ ಹಸ್ಬೆಂಡ್, ವೈಫ್ ಎಂದು ಸರ್ಕಾರಿ ಫಾರ್ಮಿನಲ್ಲಿ ಬರೆಯಲಾಗದವರು ಈ ಊರಿನಲ್ಲಿದ್ದಾರೆ. ಅವರಿಗೆ ಪಾರ್ಟ್‌ನರ್ ಎಂಬುದು ಫ್ಯಾಷನ್ ಅಲ್ಲ, ಇರುವ ಒಂದೇ ನಿಜವಾದ ಪದ. ಸಹೋದ್ಯೋಗಿಯೊಬ್ಬರು ‘ಮೈ ಪಾರ್ಟ್‌ನರ್’ ಎಂದು ಬರೆದಿದ್ದರೆ ನೀವು ಉತ್ತರಿಸುವಾಗಲೂ ‘ಯುವರ್ ಪಾರ್ಟ್‌ನರ್’ ಎಂದೇ ಬರೆಯಿರಿ. ಅದನ್ನು ನಿಮ್ಮಷ್ಟಕ್ಕೆ ಹಸ್ಬೆಂಡ್, ವೈಫ್ ಎಂದು ಬದಲಿಸಬೇಡಿ, ‘ಹಿ’ ಅಥವಾ ‘ಶಿ’ ಎಂದು ಊಹಿಸಲೂ ಬೇಡಿ.

ಊಹಿಸದೆ ಬರೆಯುವುದು ಹೇಗೆ? ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ, ಇದನ್ನು ಪಾಠ ಮಾಡುವಾಗ ನನಗೆ ಪ್ರತಿ ಸಲ ಖುಷಿಯಾಗುತ್ತದೆ. ನಮ್ಮ ‘ಅವರು’ ಒಬ್ಬರಿಗೂ ಸಲ್ಲುತ್ತದೆ, ಹಲವರಿಗೂ ಸಲ್ಲುತ್ತದೆ. ಗಂಡಿಗೂ ಹೆಣ್ಣಿಗೂ ಸಲ್ಲುತ್ತದೆ. ‘ನಿಮ್ಮನೆಯವರು ಹೇಗಿದ್ದಾರೆ, ಅವರಿಗೆ ಜ್ವರ ಬಿಟ್ಟಿತಾ?’ ಎಂಬ ವಾಕ್ಯದಲ್ಲಿ ಗಂಡೋ ಹೆಣ್ಣೋ ಎಂದು ಯಾರು ಹೇಳಬಲ್ಲರು? ಇಂಗ್ಲಿಷಿನ ‘ದೇ’ ಅದೇ ಕೆಲಸ ಮಾಡುತ್ತದೆ. ‘ಐ ಹೋಪ್ ಯುವರ್ ಪಾರ್ಟ್‌ನರ್ ಈಸ್ ಬೆಟರ್. ಆರ್ ದೇ ಹೋಮ್ ನೌ?’ ಶಾಲೆಯಲ್ಲಿ ‘ದೇ’ ಬಹುವಚನ ಮಾತ್ರ ಎಂದು ಕಲಿತಿರುತ್ತೀರಿ, ಅದು ಅರ್ಧ ಸತ್ಯ. ಒಬ್ಬರಿಗೆ ‘ದೇ’ ಬಳಸುವುದು ಇಂಗ್ಲಿಷಿನಲ್ಲಿ ಶತಮಾನಗಳಿಂದ ಇದೆ. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ಅದನ್ನೇ ವರ್ಷದ ಪದವಾಗಿ ಆರಿಸಿದರು. ‘ಅವರು’ ಎನ್ನುವ ಅಭ್ಯಾಸ ಇರುವ ನಮಗೆ ಅದು ಒಗ್ಗಲು ಒಂದು ವಾರವೂ ಬೇಡ. ಒಂದು ಎಚ್ಚರ ಮಾತ್ರ: ನಿಮ್ಮ ಹುಡುಗನ ಬಗ್ಗೆ ಗೌರವದಿಂದ ‘ದೇ’ ಬರೆಯಬೇಡಿ. ‘ಅವರು’ ಎಂಬುದರ ಮರ್ಯಾದೆ ‘ದೇ’ಗೆ ಬಂದಿಲ್ಲ. ಗಂಡು ಎಂದು ಗೊತ್ತಿದ್ದು, ಹೇಳಲು ಅಡ್ಡಿಯಿಲ್ಲದಿದ್ದರೆ ‘ಹಿ’ ಎಂಬುದರಲ್ಲಿ ಅಗೌರವ ಏನೂ ಇಲ್ಲ.

ಹೇಳಲು ನಿಮಗೇ ಇಷ್ಟವಿಲ್ಲದಿದ್ದರೆ? ಮದುವೆಯಾಗದೆ ಒಟ್ಟಿಗಿರುವವರು ಮನೆ ಓನರ್‌ಗೆ ‘ಕಸಿನ್’ ಎಂದು ಹೇಳುವುದು ಈ ಊರಿನಲ್ಲಿ ಇದೆ. ಬಾಡಿಗೆ ಮನೆ ಸಿಗುವ ಕಷ್ಟ ನನಗೆ ಗೊತ್ತು, ಅದನ್ನು ನಾನು ದೂರುವುದಿಲ್ಲ. ಆದರೆ ಬರಹದಲ್ಲಿ, ಅದರಲ್ಲೂ ಕಂಪನಿಯ ದಾಖಲೆಯಲ್ಲಿ, ದಯವಿಟ್ಟು ಕಸಿನ್ ಎಂದೋ ಹಸ್ಬೆಂಡ್ ಎಂದೋ ಬರೆಯಬೇಡಿ. ಇನ್ಶೂರೆನ್ಸ್ ಕ್ಲೇಮಿಗೆ, ವೀಸಾಕ್ಕೆ ಅದೇ ಕಾಗದ ಮುಂದೆ ಬರುತ್ತದೆ. ಸುಳ್ಳು ಹೇಳದೆ ಕಡಿಮೆ ಹೇಳಲು ಇಂಗ್ಲಿಷಿನಲ್ಲಿ ದಾರಿ ಇದೆ. ‘ಸಮ್‌ಒನ್ ವೆರಿ ಕ್ಲೋಸ್ ಟು ಮಿ ಈಸ್ ಇನ್ ಹಾಸ್ಪಿಟಲ್’ ಎಂದರೆ ಸಾಕು. ಅದಕ್ಕಿಂತ ಹೆಚ್ಚು ಕೇಳುವ ಮ್ಯಾನೇಜರ್‌ಗೆ ‘ಐ ವುಡ್ ಪ್ರಿಫರ್ ಟು ಕೀಪ್ ದ ಡೀಟೇಲ್ಸ್ ಪ್ರೈವೇಟ್’ ಎಂದು ಬರೆದರೆ ಅದು ಉದ್ಧಟತನವಲ್ಲ. ಎಮರ್ಜೆನ್ಸಿ ಕಾಂಟ್ಯಾಕ್ಟ್ ಎಂಬ ಜಾಗದಲ್ಲಿ ಮಾತ್ರ ಅವರ ಹೆಸರು, ಫೋನ್ ನಂಬರ್, ಮುಂದೆ ‘ಪಾರ್ಟ್‌ನರ್’ ಎಂದು ತುಂಬಿಸಿಡಿ. ನಾಳೆ ನೀವೇ ಆಸ್ಪತ್ರೆಯಲ್ಲಿದ್ದರೆ ಯಾರಿಗೆ ಫೋನ್ ಹೋಗಬೇಕು ಎಂಬ ಪ್ರಶ್ನೆ ಅದು.

ಸಣ್ಣಪುಟ್ಟ ಕೆಲವು ಪದಗಳನ್ನು ಬೇಗ ಮುಗಿಸುತ್ತೇನೆ. ‘ಬೆಟರ್ ಹಾಫ್’ ನಮ್ಮ ಅರ್ಧಾಂಗಿಯ ಹಾಗೆ ಹಳೆಯ ಪದ, ಇಂಗ್ಲಿಷಿನಲ್ಲಿ ನಾನೂರು ವರ್ಷ ದಾಟಿದೆ. ಭಾಷಣಕ್ಕೆ ಸರಿ, ಮೇಲ್‌ಗೆ ಬೇಡ. ‘ಹಬ್ಬಿ’ ಮನೆಯ ಮಾತು. ‘ಗರ್ಲ್‌ಫ್ರೆಂಡ್’ ಕೂಡಿಸಿ ಬರೆಯುವ ಒಂದೇ ಪದ, ನಡುವೆ ಜಾಗ ಬಿಟ್ಟರೆ ಬರಿ ಗೆಳತಿ ಎಂದಾಗಬಹುದು. ‘ಸಿಗ್ನಿಫಿಕಂಟ್ ಅದರ್’ ಆಮಂತ್ರಣಕ್ಕೆ ಮಾತ್ರ ಒಪ್ಪುತ್ತದೆ. ಆಫೀಸ್ ಪಾರ್ಟಿಯ ಆಮಂತ್ರಣದಲ್ಲಿ ‘ಪ್ಲಸ್ ಒನ್’ ಎಂದಿದ್ದರೆ ಒಬ್ಬರು ಎಂದೇ ಅರ್ಥ, ನಮ್ಮ ಲಗ್ನಪತ್ರಿಕೆಯ ‘ಸಕುಟುಂಬ ಪರಿವಾರ ಸಮೇತ’ ಅಲ್ಲ. ಬಿಟ್ಟುಹೋದವರು ‘ಎಕ್ಸ್’, ತೀರಿಹೋದವರು ‘ಲೇಟ್’. ಇವೆರಡನ್ನು ಅದಲುಬದಲು ಮಾಡಿದರೆ ಮನಸ್ಸಿಗೆ ಬಹಳ ನೋವಾಗುತ್ತದೆ, ಕಳಿಸುವ ಮುಂಚೆ ಎರಡು ಸಲ ನೋಡಿ. ‘ಮ್ಯಾರೇಜ್’ ಬಾಳುವ ದಾಂಪತ್ಯ, ಛತ್ರದಲ್ಲಿ ನಡೆಯುವುದು ‘ವೆಡಿಂಗ್’.

‘ಲಿವ್-ಇನ್’ ಬಗ್ಗೆ ನೀವು ಕೇಳಿಲ್ಲ, ಆದರೂ ನಿಮಗೆ ಬೇಕು. ‘ಹಿ ಈಸ್ ಮೈ ಲಿವ್-ಇನ್’ ಎಂದು ಬರೆಯಬೇಡಿ. ಹೊರದೇಶದವರಿಗೆ ಆ ಪದ ಮನೆಯಲ್ಲೇ ಉಳಿದು ಕೆಲಸ ಮಾಡುವ ಆಯಾನೋ ನರ್ಸೋ ಇದ್ದ ಹಾಗೆ ಕೇಳಿಸಬಹುದು. ‘ವಿ ಲಿವ್ ಟುಗೆದರ್’ ಸಾಕು. ನಮ್ಮ ಕೋರ್ಟುಗಳು ‘ಲಿವ್-ಇನ್ ರಿಲೇಶನ್‌ಶಿಪ್’ ಎಂಬ ಪದವನ್ನು ಬಳಸುತ್ತವೆ, ನಿಜ. ಆದರೆ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯಲ್ಲಿರುವ ಮಾತು ಬೇರೆ, ‘ಮದುವೆಯ ಸ್ವರೂಪದ ಸಂಬಂಧ’ ಎಂದು. ಒಟ್ಟಿಗಿರುವ ಎಲ್ಲ ಜೋಡಿಗಳೂ ಅದರೊಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿ ಕೆಲವು ಷರತ್ತು ಇಟ್ಟಿತು. ಇಬ್ಬರೂ ಮದುವೆಗೆ ಅರ್ಹರಿರಬೇಕು, ತಾವಾಗಿ ಒಪ್ಪಿ ಸಾಕಷ್ಟು ಕಾಲ ಒಟ್ಟಿಗೆ ಬಾಳಿರಬೇಕು, ಸಮಾಜದ ಮುಂದೆ ಗಂಡಹೆಂಡಿರ ಹಾಗೆ ಕಾಣಿಸಿಕೊಂಡಿರಬೇಕು. ಮೂರನೆಯದನ್ನು ಗಮನಿಸಿ. ಜಗತ್ತಿಗೆ ನೀವು ನಿಮ್ಮನ್ನು ಏನೆಂದು ಹೇಳಿಕೊಂಡಿರಿ ಎಂಬುದಕ್ಕೂ ಅಲ್ಲಿ ಬೆಲೆ ಇದೆ. ಐದು ವರ್ಷ ಹಿಂದಿನ ಒಂದು ಮೇಲ್‌ನಲ್ಲಿ ‘ಕಸಿನ್’ ಎಂದಿದ್ದರೆ ಅದು ನಿಮ್ಮ ವಿರುದ್ಧ ಮಾತಾಡಬಹುದು.

ಕೊನೆಗೆ ಕೆನಡಾ ಫಾರ್ಮ್. ಅಲ್ಲಿ ನಿಮ್ಮ ಇಷ್ಟದ ಪದಕ್ಕೆ ಜಾಗವಿಲ್ಲ, ಕಾನೂನಿನ ಪದವೇ ಬೇಕು. ಬಾಯ್‌ಫ್ರೆಂಡ್, ಗರ್ಲ್‌ಫ್ರೆಂಡ್ ಎಂಬ ಆಯ್ಕೆಯೇ ಅಲ್ಲಿರುವುದಿಲ್ಲ. ಮದುವೆಯಾಗದೆ ದಂಪತಿಗಳ ಹಾಗೆ ಕನಿಷ್ಠ 12 ತಿಂಗಳು ಎಡೆಬಿಡದೆ ಒಟ್ಟಿಗೆ ಬಾಳಿದವರನ್ನು ಆ ದೇಶ ‘ಕಾಮನ್-ಲಾ ಪಾರ್ಟ್‌ನರ್’ ಎನ್ನುತ್ತದೆ. ನೀವು ಹೇಳಿದ ಒಂದೂವರೆ ವರ್ಷದ ಲೆಕ್ಕದಲ್ಲಿ ನೀವಿಬ್ಬರೂ ಅದೇ. ‘ಮ್ಯಾರೀಡ್’ ಎಂದು ಹಾಕಿದರೂ ಸುಳ್ಳು, ‘ಸಿಂಗಲ್’ ಎಂದು ಹಾಕಿದರೂ ಸುಳ್ಳು. ತಪ್ಪು ಮಾಹಿತಿ ಕೊಟ್ಟರೆಂದು ತೀರ್ಮಾನವಾದರೆ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. ಅವರು ‘ಸಿಂಗಲ್’ ಎಂದು ಬರೆದು ಅಲ್ಲಿ ಕಾಯಂ ವಾಸಕ್ಕೆ ಒಪ್ಪಿಗೆ ಪಡೆದರೆ, ಮುಂದೆ ನಿಮ್ಮನ್ನು ಕರೆಸಿಕೊಳ್ಳಲು ಅದೇ ಒಂದು ಪದ ಅಡ್ಡ ಬರಬಹುದು. ಬೇರೆ ದೇಶಗಳ ಪದಗಳು ಬೇರೆ. ಆಸ್ಟ್ರೇಲಿಯಾದಲ್ಲಿ ಇದಕ್ಕೆ ‘ಡಿ ಫ್ಯಾಕ್ಟೋ’ ಎನ್ನುತ್ತಾರೆ. ಅಮೆರಿಕದ ಕೆ-1 ವೀಸಾದಲ್ಲಿ ‘ಫಿಯಾನ್ಸೆ’ ಎಂದರೆ ಅಲ್ಲಿಗೆ ಹೋದ 90 ದಿನದೊಳಗೆ ಮದುವೆಯಾಗಲೇಬೇಕಾದವರು. ಒಂದು ದೇಶದ ಪದವನ್ನು ಇನ್ನೊಂದರ ಫಾರ್ಮಿಗೆ ಹಾಕಬೇಡಿ. ತುಂಬುವ ಮೊದಲು ಒಮ್ಮೆ ತಿಳಿದ ವಕೀಲರಿಗೆ ತೋರಿಸಿ.

ಒಟ್ಟಿಗಿದ್ದುದಕ್ಕೆ ಪುರಾವೆ ಕೇಳುತ್ತಾರೆ. ಬೆಂಗಳೂರಿನ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿನದು, ಏಕೆಂದರೆ ವರ್ಷ ದಾಟಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕು. ಹಾಗಾಗಿ ನಿಮ್ಮ ಒಂದು ಕರಾರು 12 ತಿಂಗಳು ತೋರಿಸುವುದಿಲ್ಲ, ಹಳೆಯದು ಮತ್ತು ಮುಂದುವರಿಸಿದ್ದು ಎರಡೂ ಬೇಕು. ಎರಡರಲ್ಲೂ ಇಬ್ಬರ ಹೆಸರಿದೆಯೇ ನೋಡಿ, ಇಲ್ಲದಿದ್ದರೆ ಮುಂದಿನ ಸಲ ಸೇರಿಸಲು ಓನರ್‌ನ ಕೇಳಿ. ಜಂಟಿ ಬ್ಯಾಂಕ್ ಖಾತೆ, ಒಂದೇ ವಿಳಾಸಕ್ಕೆ ಬಂದ ಇಬ್ಬರ ಹೆಸರಿನ ಪತ್ರಗಳು, ಗ್ಯಾಸ್ ಬಿಲ್ ಇವನ್ನೂ ಜೋಡಿಸಿ. ಜೊತೆಗೆ ನಿಮ್ಮ ಸಂಬಂಧದ ವಿವರವನ್ನು ಬರೆದುಕೊಡುವ ಸಂದರ್ಭ ಬರಬಹುದು. ಆಗ ‘ವಿ ಲವ್ ಈಚ್ ಅದರ್ ವೆರಿ ಮಚ್’ ಎಂದು ತುಂಬಿಸಬೇಡಿ. ಯಾವ ತಿಂಗಳು ಪರಿಚಯ, ಯಾವ ತಿಂಗಳು ವಿಜಯನಗರದ ಮನೆಗೆ ಬಂದಿರಿ, ಬಾಡಿಗೆ ಯಾರು ಕಟ್ಟುತ್ತೀರಿ, ಹಬ್ಬಕ್ಕೆ ಯಾರ ಊರಿಗೆ ಹೋಗುತ್ತೀರಿ ಎಂದು ದಿನಾಂಕದ ಸಮೇತ ಬರೆಯಿರಿ. ಡೆಂಗಿಯ ಆ ದಿನಗಳನ್ನೂ ಬರೆಯಿರಿ: ‘ಐ ಸ್ಟೇಡ್ ವಿತ್ ಹಿಮ್ ಅಟ್ ದ ಹಾಸ್ಪಿಟಲ್’ ಎಂದು, ಎಷ್ಟು ರಾತ್ರಿ ಎಂಬ ಲೆಕ್ಕದ ಜೊತೆ. ಆಸ್ಪತ್ರೆಯವರು ಕೊಟ್ಟ ಅಟೆಂಡರ್ ಪಾಸ್‌ನಲ್ಲಿ ನಿಮ್ಮ ಹೆಸರಿದ್ದರೆ ಅದನ್ನು ಎಸೆಯದೆ ತೆಗೆದಿಟ್ಟುಕೊಂಡಿರಿ.